ನಡುನಡುವೆ ನಿಂತುಹೋಗುವ ಟ್ರ್ಯಾಕ್ಟರ್ ಎಂಜಿನ್: ದೋಷ ಪತ್ತೆ ಮತ್ತು ಪರಿಹಾರ

ಒಕ್ಕಲುತನದಲ್ಲಿ ಸಕಾಲಕ್ಕೆ ಇರುವ ಬೆಲೆ ಬೇರಾವುದಕ್ಕೂ ಇಲ್ಲ. ಉತ್ತರ ಕರ್ನಾಟಕದ ಕಪ್ಪು ಭೂಮಿಯಲ್ಲಿ ಹಿಂಗಾರಿ ಜೋಳದ ಬಿತ್ತನೆಗೆ ಸೆಪ್ಟೆಂಬರ್ ಎರಡನೆಯ ಪಕ್ಷದಿಂದ ಅಕ್ಟೋಬರ್ ಮೊದಲ ಪಕ್ಷದವರೆಗಿನ ಅವಧಿ ಸೂಕ್ತವಾದುದು. ಅದರಲ್ಲಿಯೂ ಮಳೆ ಬಿದ್ದು ಭೂಮಿ ಹದಕ್ಕೆ ಬಂದ ಮೇಲೆ ಕೂರಿಗೆ ಹೂಡಲು ಸಿಗುವುದು ಕೆಲವೇ ದಿನಗಳು. ಇಂತಹ ಸಮಯದಲ್ಲಿ ಟ್ರ್ಯಾಕ್ಟರ್ ಹೊಲದ ನಡುವೆ ನಿಂತರೆ ಮೇಲ್ಮಣ್ಣಿನ ತೇವ ಆರುತ್ತದೆ, ಬೀಜ ಸರಿಯಾಗಿ ಮೊಳೆಯುವುದಿಲ್ಲ.

ಪೂರ್ತಿ ಕೆಟ್ಟುನಿಂತ ಎಂಜಿನಿನ ದೋಷವನ್ನು ಕಂಡುಹಿಡಿಯುವುದು ಅಷ್ಟು ಕಷ್ಟವಲ್ಲ. ಅರ್ಧ ಗಂಟೆ ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ ಆಗುವ ಎಂಜಿನ್ ಮಾತ್ರ ಅನುಭವಿಗಳನ್ನೂ ಕಂಗೆಡಿಸುತ್ತದೆ. ದುರಸ್ತಿ ಅಂಗಡಿಗೆ ಒಯ್ದಾಗ ಅದು ಚೆನ್ನಾಗಿಯೇ ಓಡುತ್ತದೆ. ಕಾರಣ ಗೊತ್ತಾಗದೆ ಇಂಜೆಕ್ಷನ್ ಪಂಪನ್ನು ಬಿಚ್ಚಿಸಿ, ಸಾವಿರಾರು ರೂಪಾಯಿ ವೆಚ್ಚಮಾಡಿ, ಹೊಲಕ್ಕೆ ಮರಳಿದರೆ ಅದೇ ತೊಂದರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ.

ನಿಂತು ಮತ್ತೆ ಓಡುವ ಡೀಸೆಲ್ ಎಂಜಿನಿನಲ್ಲಿ ದೋಷವು ಸಾಮಾನ್ಯವಾಗಿ ಇಂಜೆಕ್ಷನ್ ಪಂಪಿಗಿಂತ ಹಿಂದೆ, ಅಂದರೆ ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯಲ್ಲಿ ಇರುತ್ತದೆ. ಆದುದರಿಂದ ಟ್ಯಾಂಕಿನ ಮುಚ್ಚಳದಿಂದ ಮೊದಲುಗೊಂಡು ಒಂದೊಂದೇ ಭಾಗವನ್ನು ಕ್ರಮವಾಗಿ ನೋಡುತ್ತ ಹೋದರೆ ಬಹಳಷ್ಟು ದೋಷಗಳನ್ನು ರೈತರು ತಾವೇ ಸರಿಪಡಿಸಬಹುದು.

ಇಂಧನದ ದಾರಿ

ಡೀಸೆಲ್ ಎಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸಿಗೂ ಮೇಲ್ಪಟ್ಟು ಕಾಯುತ್ತದೆ. ಆ ಕಾದ ಗಾಳಿಯ ಮೇಲೆ ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸಿದ ಕೂಡಲೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಅವರು ಈ ತತ್ವದ ಎಂಜಿನನ್ನು 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದರು. ಅದೇ ದೇಶದ ಬಾಷ್ ಕಂಪನಿಯು 1927ರಲ್ಲಿ ಇಂಜೆಕ್ಷನ್ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ನಂತರ ಲಾರಿ ಮತ್ತು ಟ್ರ್ಯಾಕ್ಟರುಗಳಿಗೆ ಡೀಸೆಲ್ ಎಂಜಿನ್ ಒಗ್ಗಿಕೊಂಡಿತು. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೈಕೋ ಕಂಪನಿಯು ಈ ಪಂಪುಗಳನ್ನು ನಮ್ಮಲ್ಲಿಯೇ ತಯಾರಿಸಿತು. ಕಂಪನಿಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಬದಲಾದರೂ ಹಳ್ಳಿಗಳಲ್ಲಿ ‘ಮೈಕೋ ಪಂಪು’ ಎಂಬ ಮಾತು ಉಳಿದುಕೊಂಡಿದೆ.

ಡೀಸೆಲ್ ಸಾಗುವ ದಾರಿ ಹೀಗಿದೆ: ಟ್ಯಾಂಕು, ತಿರುಗಣೆ (ಕಾಕ್), ಕೊಳವೆ, ಫೀಡ್ ಪಂಪು, ಮೊದಲನೆಯ ಫಿಲ್ಟರ್, ಎರಡನೆಯ ಫಿಲ್ಟರ್, ಇಂಜೆಕ್ಷನ್ ಪಂಪು, ಉಕ್ಕಿನ ಸಣ್ಣ ಕೊಳವೆಗಳು, ಕೊನೆಗೆ ಇಂಜೆಕ್ಟರ್. ಫೀಡ್ ಪಂಪಿನವರೆಗೆ ಡೀಸೆಲ್ಲನ್ನು ಹೀರಲಾಗುತ್ತದೆ. ಅಲ್ಲಿಂದ ಮುಂದೆ ಅದನ್ನು ತಳ್ಳಲಾಗುತ್ತದೆ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು.

ಗಂಟೆಗೆ ನಾಲ್ಕೂವರೆ ಲೀಟರ್ ಡೀಸೆಲ್ ಉರಿಸುತ್ತ, ನಿಮಿಷಕ್ಕೆ 2000 ಸುತ್ತು ತಿರುಗುವ ಮೂರು ಸಿಲಿಂಡರಿನ ಎಂಜಿನನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ಪ್ರತಿ ಸಿಲಿಂಡರಿಗೆ ನಿಮಿಷಕ್ಕೆ 1000 ಸಲ ಡೀಸೆಲ್ ಸಿಂಪಡಣೆಯಾಗುತ್ತದೆ. ಲೆಕ್ಕ ಹಾಕಿದರೆ ಒಂದು ಮಿಲಿಲೀಟರ್ ಡೀಸೆಲ್ 40 ಸಲದ ಸಿಂಪಡಣೆಗೆ ಸಾಕಾಗುತ್ತದೆ. ಅಳತೆ ಇಷ್ಟು ಸೂಕ್ಷ್ಮವಾಗಿರುವುದರಿಂದ ಒಂದು ಗಾಳಿಗುಳ್ಳೆ, ಒಂದು ಹನಿ ನೀರು ಅಥವಾ ಒಂದು ಎಲೆಯ ಚೂರು ಕೂಡ ಎಂಜಿನನ್ನು ನಿಲ್ಲಿಸಬಲ್ಲದು.

ನಿಲ್ಲುವ ರೀತಿಯನ್ನು ಗಮನಿಸಿ

ದನಕ್ಕೆ ರೋಗ ಬಂದಾಗ ಮೇವು ಬಿಟ್ಟದ್ದು ಎಂದಿನಿಂದ, ಮೈ ಬಿಸಿ ಇದೆಯೇ ಎಂದು ವಿಚಾರಿಸುವಂತೆ, ಪಾನಾ ಹಿಡಿಯುವ ಮೊದಲು ಎಂಜಿನ್ ಹೇಗೆ ನಿಂತಿತು ಎಂಬುದನ್ನು ನೆನಪಿಗೆ ತಂದುಕೊಳ್ಳಬೇಕು.

1. ಚಾಲೂ ಮಾಡಿದ ನಂತರ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಪ್ರತಿ ಸಲವೂ ಶಕ್ತಿ ಕುಂದಿ ನಿಲ್ಲುವುದು, ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಸರಿಹೋಗುವುದು: ಟ್ಯಾಂಕಿನ ಮುಚ್ಚಳದ ರಂಧ್ರ ಕಟ್ಟಿದೆ ಅಥವಾ ಟ್ಯಾಂಕಿನೊಳಗೆ ಕಸವಿದೆ.

2. ಓಟದಲ್ಲಿ ಏರಿಳಿತವಾಗಿ, ಮುಗ್ಗರಿಸಿ ನಿಲ್ಲುವುದು, ಗಾಳಿ ತೆಗೆಯದ ಹೊರತು ಚಾಲೂ ಆಗದಿರುವುದು: ಇಂಧನದ ದಾರಿಯಲ್ಲಿ ಗಾಳಿ ಸೇರುತ್ತಿದೆ.

3. ಖಾಲಿ ಓಡುವಾಗ ಸರಿಯಾಗಿದ್ದು, ನೇಗಿಲು ಭೂಮಿಗೆ ಇಳಿದ ಕೂಡಲೇ ಸೋತು ನಿಲ್ಲುವುದು: ಫಿಲ್ಟರ್ ಕಟ್ಟಿದೆ. ಜೊತೆಗೆ ಕಪ್ಪು ಹೊಗೆ ಬಂದರೆ ಏರ್ ಕ್ಲೀನರನ್ನು ನೋಡಬೇಕು.

4. ಮುಗ್ಗರಿಸುತ್ತ ಬಿಳಿ ಹೊಗೆ ಉಗುಳಿ ನಿಲ್ಲುವುದು: ಡೀಸೆಲ್ಲಿನಲ್ಲಿ ನೀರು ಅಥವಾ ಗಾಳಿ ಇದೆ.

5. ಯಾವ ಸೂಚನೆಯೂ ಇಲ್ಲದೆ, ಕೀಲಿ ತಿರುಗಿಸಿ ನಿಲ್ಲಿಸಿದಂತೆ ತಟ್ಟನೆ ನಿಲ್ಲುವುದು: ಡೀಸೆಲ್ ತಡೆಯುವ ಸೊಲೆನಾಯ್ಡಿನ ತಂತಿ ಅಥವಾ ಸ್ಟಾಪ್ ಕೇಬಲ್ಲಿನ ದೋಷ.

6. ಕಾವು ಏರಿ, ಎಂಜಿನ್ ಬಿಗಿದಂತಾಗಿ ನಿಲ್ಲುವುದು: ಇದು ಇಂಧನದ ದೋಷವಲ್ಲ. ಮತ್ತೆ ಚಾಲೂ ಮಾಡುವ ಪ್ರಯತ್ನ ಕೂಡದು.

ಟ್ಯಾಂಕು ಮತ್ತು ಮುಚ್ಚಳ

ಟ್ಯಾಂಕಿನಿಂದ ಡೀಸೆಲ್ ಹೊರಹೋದಷ್ಟೂ ಅದರ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಇದಕ್ಕಾಗಿ ಮುಚ್ಚಳದಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ರಾಶಿ ಮಾಡುವಾಗಿನ ಧೂಳು, ಡೀಸೆಲ್ಲಿನ ಜಿಡ್ಡಿನೊಡನೆ ಸೇರಿ ಈ ರಂಧ್ರವನ್ನು ಮುಚ್ಚಿಬಿಡುತ್ತದೆ. ಆಗ ಟ್ಯಾಂಕಿನೊಳಗೆ ಗಾಳಿಯ ಒತ್ತಡ ತಗ್ಗುತ್ತ ಹೋಗಿ ಫೀಡ್ ಪಂಪಿಗೆ ಡೀಸೆಲ್ ಹೀರಲು ಸಾಧ್ಯವಾಗುವುದಿಲ್ಲ. ಎಂಜಿನ್ ನಿಂತ ಮೇಲೆ ಸಂದುಗಳಿಂದ ನಿಧಾನವಾಗಿ ಗಾಳಿ ಒಳಸೇರಿ ಎಲ್ಲವೂ ಸರಿಯಾದಂತೆ ಕಾಣುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ನಿಂತ ಕೂಡಲೇ ಮುಚ್ಚಳವನ್ನು ಸಡಿಲಿಸಬೇಕು. ‘ಸುಯ್’ ಎಂದು ಗಾಳಿ ಒಳನುಗ್ಗಿದ ಸದ್ದು ಕೇಳಿಸಿದರೆ ದೋಷ ಸಿಕ್ಕಿದಂತೆಯೇ. ಮುಚ್ಚಳವನ್ನು ಡೀಸೆಲ್ಲಿನಲ್ಲಿ ತೊಳೆದು, ಸಣ್ಣ ತಂತಿಯಿಂದ ರಂಧ್ರವನ್ನು ಬಿಡಿಸಬೇಕು. ಕಳೆದುಹೋದ ಮುಚ್ಚಳದ ಬದಲು ಪ್ಲಾಸ್ಟಿಕ್ ಹಾಳೆ ಬಿಗಿದು ಕಟ್ಟುವುದು, ರಂಧ್ರವಿಲ್ಲದ ಬೇರೆ ಮುಚ್ಚಳ ಹಾಕುವುದು ಈ ತೊಂದರೆಯನ್ನು ಕರೆದು ತಂದಂತೆ. ಅರಿವೆಯ ತುಂಡು ತುರುಕಿದರೆ ಅದರ ಎಳೆಗಳೂ ಟ್ಯಾಂಕಿಗೆ ಬೀಳುತ್ತವೆ.

ಎರಡನೆಯ ಕಾರಣ ಟ್ಯಾಂಕಿನ ತಳದಲ್ಲಿ ತೇಲಾಡುವ ಕಸ. ಒಣಗಿದ ಎಲೆ, ಹತ್ತಿಯ ಎಳೆ, ಕ್ಯಾನಿನ ಮುಚ್ಚಳದ ಚೂರು, ಇವು ಡೀಸೆಲ್ ಹೀರುವ ಸೆಳೆತಕ್ಕೆ ಸಿಕ್ಕಿ ಹೊರಹೋಗುವ ಬಾಯಿಗೆ ಅಂಟಿಕೊಳ್ಳುತ್ತವೆ. ಎಂಜಿನ್ ನಿಂತೊಡನೆ ಸೆಳೆತ ತಪ್ಪಿ ಕಸ ಬಿಟ್ಟುಕೊಳ್ಳುತ್ತದೆ. ಎಂಜಿನ್ ಮತ್ತೆ ಓಡುತ್ತದೆ. ಇದಕ್ಕೆ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ಡೀಸೆಲ್ಲಿನಿಂದಲೇ ತೊಳೆಯುವುದೊಂದೇ ಉಪಾಯ. ನೀರಿನಿಂದ ತೊಳೆಯಬಾರದು. ಕೊಳವೆಯನ್ನು ಊದಿ ಕಸ ತಳ್ಳುವುದರಿಂದ ಎಂಜಿನ್ ಆ ಕ್ಷಣಕ್ಕೆ ಓಡಿದರೂ ಕಸ ಟ್ಯಾಂಕಿನಲ್ಲಿಯೇ ಉಳಿದು ನಾಳೆ ಮತ್ತೆ ನಿಲ್ಲಿಸುತ್ತದೆ.

ಇದೇ ಸಂದರ್ಭದಲ್ಲಿ ತಿರುಗಣೆ ಪೂರ್ತಿ ತೆರೆದಿದೆಯೇ, ಕೊಳವೆ ಎಲ್ಲಿಯಾದರೂ ಜಜ್ಜಿದೆಯೇ, ರಬ್ಬರಿನ ಕೊಳವೆ ಒಳಗಡೆ ಉಬ್ಬಿ ದಾರಿ ಕಟ್ಟಿದೆಯೇ ಎಂಬುದನ್ನೂ ನೋಡಬೇಕು.

ಗಾಳಿ ಸೇರುವುದು

ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲವೆಂದೇ ಹೇಳಬಹುದು. ಗಾಳಿ ಕುಗ್ಗುತ್ತದೆ. ಹಳೆಯ ಮಾದರಿಯ ಎಂಜಿನುಗಳಲ್ಲಿ ಇಂಜೆಕ್ಟರ್ ತೆರೆಯಬೇಕಾದರೆ ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋಗ್ರಾಂ ಒತ್ತಡ ಬೇಕು. ಪಂಪಿನಲ್ಲಿ ಗಾಳಿ ಇದ್ದರೆ ಪಂಪು ಒತ್ತಿದಷ್ಟೂ ಗಾಳಿ ಕುಗ್ಗುತ್ತದೆಯೇ ಹೊರತು ಒತ್ತಡ ಏರುವುದಿಲ್ಲ. ಇಂಜೆಕ್ಟರ್ ತೆರೆಯದೆ ಎಂಜಿನ್ ನಿಲ್ಲುತ್ತದೆ.

ಫೀಡ್ ಪಂಪಿನ ಮುಂದಿನ ಭಾಗದಲ್ಲಿ ಸೋರಿಕೆಯಾದರೆ ಡೀಸೆಲ್ ಹೊರಗೆ ಬಂದು ಕಣ್ಣಿಗೆ ಕಾಣುತ್ತದೆ. ಹೀರುವ ಭಾಗದಲ್ಲಿ ಸಡಿಲವಿದ್ದರೆ ಡೀಸೆಲ್ ಸೋರದೆ, ಹೊರಗಿನ ಗಾಳಿ ಒಳಸೇರುತ್ತದೆ. ಹೊರಗೆ ಒಂದು ಹನಿಯೂ ಕಾಣದ ಈ ದೋಷವೇ ಹೆಚ್ಚು ಜನರನ್ನು ಮೋಸಗೊಳಿಸುವಂಥದು. ಕೊಳವೆಯ ಜೋಡಣೆಗಳಲ್ಲಿರುವ ತಾಮ್ರದ ವಾಷರುಗಳು, ಬಿರುಕುಬಿಟ್ಟ ರಬ್ಬರ್ ಕೊಳವೆ, ಫೀಡ್ ಪಂಪಿನ ಗಾಜಿನ ಬಟ್ಟಲಿನ ವಾಷರು, ಕೈಪಂಪಿನ ಹಿಡಿ, ಇವು ಮುಖ್ಯವಾಗಿ ನೋಡಬೇಕಾದ ಜಾಗಗಳು. ಜೋಡಣೆಗಳನ್ನು ಒರೆಸಿ, ಕೈಪಂಪನ್ನು ಒತ್ತುತ್ತ ಎಲ್ಲಿ ಒದ್ದೆಯಾಗುತ್ತದೆಂದು ಗಮನಿಸಬೇಕು. ತಾಮ್ರದ ವಾಷರನ್ನು ಒಮ್ಮೆ ಬಿಚ್ಚಿದ ಮೇಲೆ ಹೊಸದನ್ನೇ ಹಾಕುವುದು ಲೇಸು. ಹಳೆಯದರ ಮೇಲೆ ಸಾಬೂನು, ನೂಲು ಸುತ್ತಿ ಬಿಗಿಯುವುದು ತಾತ್ಕಾಲಿಕ ಉಪಾಯ ಮಾತ್ರ, ಅದರ ಚೂರು ಫಿಲ್ಟರಿಗೆ ಹೋಗುವ ಭಯವೂ ಇದೆ.

ಗಾಳಿ ತೆಗೆಯುವ ಕ್ರಮ

ಫೀಡ್ ಪಂಪು ಇರುವ ಹಳೆಯ ಮಾದರಿಯ ಟ್ರ್ಯಾಕ್ಟರುಗಳಲ್ಲಿ ಈ ಕ್ರಮವನ್ನು ಅನುಸರಿಸಬೇಕು.

(ಅ) ಟ್ರ್ಯಾಕ್ಟರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಗೇರನ್ನು ನ್ಯೂಟ್ರಲಿಗೆ ತಂದು, ಬ್ರೇಕ್ ಹಾಕಬೇಕು. ಟ್ಯಾಂಕಿನಲ್ಲಿ ಅರ್ಧದಷ್ಟಾದರೂ ಡೀಸೆಲ್ ಇರಬೇಕು. ಬಿಚ್ಚಬೇಕಾದ ತಿರುಪುಗಳ ಸುತ್ತಲಿನ ಧೂಳನ್ನು ಮೊದಲು ಒರೆಸಬೇಕು.

(ಆ) ಮೊದಲನೆಯ ಫಿಲ್ಟರಿನ ಮೇಲಿರುವ ಗಾಳಿ ತಿರುಪನ್ನು ಎರಡು ಮೂರು ಸುತ್ತು ಸಡಿಲಿಸಿ ಕೈಪಂಪನ್ನು ಒತ್ತಬೇಕು. ಮೊದಲು ನೊರೆ, ಆಮೇಲೆ ಗುಳ್ಳೆಗಳು, ಕೊನೆಗೆ ಶುದ್ಧವಾದ ಡೀಸೆಲ್ ಬರುತ್ತದೆ. ಡೀಸೆಲ್ ಹರಿಯುತ್ತಿರುವಾಗಲೇ ತಿರುಪನ್ನು ಬಿಗಿಯಬೇಕು.

(ಇ) ಎರಡನೆಯ ಫಿಲ್ಟರಿನಲ್ಲಿ, ನಂತರ ಇಂಜೆಕ್ಷನ್ ಪಂಪಿನ ಗಾಳಿ ತಿರುಪಿನಲ್ಲಿ ಇದೇ ರೀತಿ ಮಾಡಬೇಕು. ಈ ಅನುಕ್ರಮವನ್ನು ತಪ್ಪಿಸಬಾರದು.

(ಈ) ಇಷ್ಟಾದರೂ ಚಾಲೂ ಆಗದಿದ್ದರೆ ಇಂಜೆಕ್ಟರಿನ ಬಳಿ ಕೊಳವೆಗಳ ನಟ್ಟುಗಳನ್ನು ಒಂದೊಂದು ಸುತ್ತು ಸಡಿಲಿಸಿ, ವೇಗದ ಹಿಡಿಯನ್ನು ಪೂರ್ತಿ ತೆರೆದು, ಸ್ಟಾರ್ಟರಿನಿಂದ ಎಂಜಿನನ್ನು ತಿರುಗಿಸಬೇಕು. ಡೀಸೆಲ್ ಚಿಮ್ಮಿದ ಕೂಡಲೇ ನಟ್ಟುಗಳನ್ನು ಬಿಗಿಯಬೇಕು. ಸ್ಟಾರ್ಟರನ್ನು ಒಂದೇ ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಒತ್ತಿಹಿಡಿಯದೆ, ನಡುವೆ ಒಂದು ನಿಮಿಷ ಬಿಡುವು ಕೊಡಬೇಕು.

ಟ್ಯಾಂಕು ಮೇಲ್ಗಡೆ ಇರುವ ನೀರಾವರಿ ಎಂಜಿನುಗಳಲ್ಲಿ ಡೀಸೆಲ್ ತಾನಾಗಿ ಇಳಿದು ಬರುವುದರಿಂದ ಕೈಪಂಪಿನ ಕೆಲಸವಿಲ್ಲ. ಉಳಿದ ಕ್ರಮ ಅದೇ. ಗಾಳಿ ತೆಗೆದ ಮರುದಿನವೇ ಮತ್ತೆ ಗಾಳಿ ಹಿಡಿದರೆ ಸೋರಿಕೆ ಇನ್ನೂ ಉಳಿದಿದೆ ಎಂದು ತಿಳಿಯಬೇಕು. ದಿನವೂ ಗಾಳಿ ತೆಗೆಯುವುದು ಪರಿಹಾರವಲ್ಲ.

ಎಚ್ಚರಿಕೆ: ಇಂಜೆಕ್ಟರಿನಿಂದ ಅಥವಾ ಒಡೆದ ಉಕ್ಕಿನ ಕೊಳವೆಯಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಮಾಂಸದೊಳಕ್ಕೆ ಇಳಿಯಬಲ್ಲದು. ಗಾಯ ಸೂಜಿಮೊನೆಯಷ್ಟೇ ಕಂಡರೂ ಕೈಬೆರಳನ್ನೇ ಕಳೆದುಕೊಳ್ಳುವ ಪ್ರಸಂಗ ಬರಬಹುದು. ಸೋರಿಕೆಯನ್ನು ಬೆರಳಿನಿಂದ ಹುಡುಕದೆ ರಟ್ಟಿನ ತುಂಡು ಹಿಡಿದು ನೋಡಬೇಕು. ಗಾಯವಾದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ನೀರು ಮತ್ತು ಫಿಲ್ಟರ್

ಸಂಜೆ ಕೆಲಸ ಮುಗಿದಾಗ ಅರ್ಧ ಖಾಲಿಯಿರುವ ಟ್ಯಾಂಕಿನಲ್ಲಿ ಬೆಚ್ಚಗಿನ ಗಾಳಿ ಇರುತ್ತದೆ. ರಾತ್ರಿ ತಂಪಾದಾಗ ಆ ಗಾಳಿಯ ತೇವ ಹನಿಗಟ್ಟಿ ತಳ ಸೇರುತ್ತದೆ. ನೀರು ಡೀಸೆಲ್ಲಿಗಿಂತ ಭಾರವಾದುದರಿಂದ ಕೆಳಗೆ ನಿಂತು, ತುಕ್ಕು ಹಿಡಿಸುವುದಲ್ಲದೆ, ನೀರು ಮತ್ತು ಡೀಸೆಲ್ ಕೂಡುವ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗುತ್ತದೆ. ಈ ಲೋಳೆ ಹೊಸ ಫಿಲ್ಟರನ್ನೂ ಬೇಗನೆ ಕಟ್ಟಿಸುತ್ತದೆ. ಆದುದರಿಂದ ಟ್ಯಾಂಕನ್ನು ಬೆಳಿಗ್ಗೆ ತುಂಬಿಸುವ ಬದಲು ಸಂಜೆಯೇ ತುಂಬಿಸಿಡುವುದು ಒಳ್ಳೆಯ ರೂಢಿ. ಬೆಳಿಗ್ಗೆ ಚಾಲೂ ಮಾಡುವ ಮೊದಲು ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ನೀರನ್ನು ಬಸಿದು ತೆಗೆಯಬೇಕು. ಬಸಿದುದನ್ನು ಗಾಜಿನ ಲೋಟದಲ್ಲಿ ಹಿಡಿದರೆ ನೀರು ಕೆಳಗೆ ಬೇರೆಯಾಗಿ ನಿಲ್ಲುವುದು ಕಾಣುತ್ತದೆ.

ಡ್ರಮ್ಮಿನಲ್ಲಿ ಡೀಸೆಲ್ ಸಂಗ್ರಹಿಸುವವರು ಅದನ್ನು ನೆರಳಿನಲ್ಲಿ, ಮರದ ತುಂಡುಗಳ ಮೇಲೆ, ನಲ್ಲಿ ಇರುವ ತುದಿ ಸ್ವಲ್ಪ ಎತ್ತರವಾಗುವಂತೆ ಓರೆಯಾಗಿ ಮಲಗಿಸಬೇಕು. ನೀರು ಮತ್ತು ಗಷ್ಟು ಹಿಂದಿನ ತುದಿಯಲ್ಲಿ ನಿಲ್ಲುತ್ತವೆ. ಡ್ರಮ್ಮನ್ನು ತುಂಬಿದ ಮೇಲೆ ಅಥವಾ ಉರುಳಿಸಿದ ಮೇಲೆ 24 ಗಂಟೆ ಹೊತ್ತು ತಿಳಿಯಾಗಲು ಬಿಡಬೇಕು. ಸತುವಿನ ಲೇಪವಿರುವ ಡ್ರಮ್ಮು, ಬಕೆಟ್ಟುಗಳಲ್ಲಿ ಡೀಸೆಲ್ ಸಂಗ್ರಹಿಸಕೂಡದು. ಸತುವು ಡೀಸೆಲ್ಲಿನೊಡನೆ ವರ್ತಿಸಿ ಉಂಟಾಗುವ ಜಿಡ್ಡು ಫಿಲ್ಟರ್ ಮತ್ತು ಇಂಜೆಕ್ಟರುಗಳನ್ನು ಕೆಡಿಸುತ್ತದೆ. ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸಿದರೆ ಪಂಪಿನ ಒಳಭಾಗಗಳಿಗೆ ಸಾಕಷ್ಟು ಜಿಡ್ಡು ಸಿಗದೆ ಅವು ಬೇಗ ಸವೆಯುತ್ತವೆ.

ಕಾಗದದ ಫಿಲ್ಟರನ್ನು ತೊಳೆದು ಮತ್ತೆ ಬಳಸುವುದು ತಪ್ಪು. ತೊಳೆದಾಗ ಕಾಗದ ಸಣ್ಣಗೆ ಹರಿದು, ಕಸ ನೇರವಾಗಿ ಪಂಪಿಗೆ ಹೋಗುತ್ತದೆ. ಕೈಪಿಡಿಯಲ್ಲಿ ಹೇಳಿದ ಗಂಟೆಗಳು ತುಂಬಿದಾಗ ಹೊಸದನ್ನು ಹಾಕಬೇಕು. ಧೂಳು ಹೆಚ್ಚಿರುವ ಒಕ್ಕಣೆಯ ಕಾಲದಲ್ಲಿ ಇನ್ನೂ ಮೊದಲೇ ಬದಲಾಯಿಸಬೇಕಾಗಬಹುದು. ಫೀಡ್ ಪಂಪಿನಲ್ಲಿರುವ ಸಣ್ಣ ಜಾಲರಿಯನ್ನು ಬಹಳ ಜನ ಮರೆಯುತ್ತಾರೆ. ಅದನ್ನೂ ಬಿಚ್ಚಿ ತೊಳೆಯಬೇಕು.

ಬೇರೆ ಕ್ಯಾನಿನಿಂದ ಪರೀಕ್ಷೆ

ಇಷ್ಟು ನೋಡಿದರೂ ದೋಷ ಸಿಗದಿದ್ದಾಗ ಒಂದು ಸರಳ ಪರೀಕ್ಷೆಯಿಂದ ಅದು ಯಾವ ಕಡೆ ಇದೆ ಎಂದು ನಿರ್ಧರಿಸಬಹುದು. ಐದು ಲೀಟರಿನ ಶುಭ್ರವಾದ ಕ್ಯಾನಿನಲ್ಲಿ ಸೋಸಿದ ಡೀಸೆಲ್ ತುಂಬಿ, ಬಿಸಿಯಾಗುವ ಹೊಗೆ ಕೊಳವೆಯಿಂದ ದೂರವಾಗಿ, ಫೀಡ್ ಪಂಪಿಗಿಂತ ಎತ್ತರದಲ್ಲಿ ಭದ್ರವಾಗಿ ಇಡಬೇಕು. ಟ್ಯಾಂಕಿನ ಕೊಳವೆಯನ್ನು ಬಿಡಿಸಿ, ಕ್ಯಾನಿನಿಂದ ಪಾರದರ್ಶಕ ಕೊಳವೆಯ ಮೂಲಕ ಫೀಡ್ ಪಂಪಿಗೆ ಡೀಸೆಲ್ ಕೊಟ್ಟು, ಗಾಳಿ ತೆಗೆದು, ಟ್ರ್ಯಾಕ್ಟರ್ ನಿಂತಿದ್ದಂತೆಯೇ ಎಂಜಿನನ್ನು ಓಡಿಸಬೇಕು. ಎಂದಿನಂತೆ ನಿಲ್ಲುವ ಹೊತ್ತು ಕಳೆದರೂ ಎಂಜಿನ್ ಓಡುತ್ತಲೇ ಇದ್ದರೆ ದೋಷ ಟ್ಯಾಂಕು ಅಥವಾ ಅದರ ಕೊಳವೆಯಲ್ಲಿದೆ. ಆಗಲೂ ನಿಂತರೆ ಫೀಡ್ ಪಂಪಿನಿಂದ ಮುಂದೆ ಹುಡುಕಬೇಕು. ಕ್ಯಾನಿನ ಮುಚ್ಚಳವನ್ನು ಸಡಿಲವಾಗಿಡಬೇಕು, ಇಲ್ಲವಾದರೆ ಅದೇ ದೋಷ ಕ್ಯಾನಿಗೂ ಬರುತ್ತದೆ.

ತಂತಿ, ಕೇಬಲ್ ಮತ್ತು ಕಾವು

ಕೀಲಿಯಿಂದ ನಿಲ್ಲಿಸುವ ಹಲವು ಟ್ರ್ಯಾಕ್ಟರುಗಳಲ್ಲಿ ವಿದ್ಯುತ್ ಇರುವಾಗ ಮಾತ್ರ ಡೀಸೆಲ್ ಬಿಡುವ ಸೊಲೆನಾಯ್ಡ್ ಇರುತ್ತದೆ. ಅದರ ತಂತಿ ಸಡಿಲವಾಗಿದ್ದರೆ ಬದು ಹತ್ತಿ ಇಳಿದಾಗಿನ ಕುಲುಕಾಟಕ್ಕೆ ಒಂದು ಕ್ಷಣ ತಪ್ಪಿ ಎಂಜಿನ್ ನಿಲ್ಲುತ್ತದೆ. ಎಂಜಿನ್ ನಿಂತಿರುವಾಗ ಕೀಲಿ ತಿರುಗಿಸಿದರೆ ಸೊಲೆನಾಯ್ಡಿನಲ್ಲಿ ‘ಟಕ್’ ಎಂಬ ಸದ್ದು ಬರಬೇಕು. ತಂತಿಯನ್ನು ಕೈಯಿಂದ ಅಲುಗಾಡಿಸಿದಾಗ ಸದ್ದು ಮರುಕಳಿಸಿದರೆ ಜೋಡಣೆ ಸಡಿಲವಿದೆ. ಬ್ಯಾಟರಿಯ ತುದಿಗಳನ್ನೂ ಕೆರೆದು ಬಿಗಿಯಬೇಕು. ಕೇಬಲ್ ಎಳೆದು ನಿಲ್ಲಿಸುವ ಟ್ರ್ಯಾಕ್ಟರುಗಳಲ್ಲಿ ಕೇಬಲ್ ತುಕ್ಕು ಹಿಡಿದು ಪೂರ್ತಿ ಹಿಂದಕ್ಕೆ ಹೋಗದಿದ್ದರೂ ಹೀಗೆಯೇ ಆಗುತ್ತದೆ. ವೇಗ ತಗ್ಗಿಸಿದಾಗ ಮಾತ್ರ ನಿಲ್ಲುವ ಎಂಜಿನಿನಲ್ಲಿ ನಿಧಾನ ಓಟದ ವೇಗ ಕಡಿಮೆಯಾಗಿರಬಹುದು. ಅದನ್ನು ಕೈಪಿಡಿಯ ಪ್ರಕಾರ ಹೊಂದಿಸಬೇಕೇ ಹೊರತು ಪಂಪಿನ ಸೀಲು ಮಾಡಿದ ತಿರುಪುಗಳನ್ನು ಮುಟ್ಟಬಾರದು.

ಕಾವು ಏರಿ ನಿಂತ ಎಂಜಿನನ್ನು ತಣ್ಣಗಾಗಲು ಬಿಡಬೇಕು. ಬಿಸಿ ಎಂಜಿನಿಗೆ ತಣ್ಣೀರು ಸುರಿದರೆ ಸಿಲಿಂಡರ್ ಹೆಡ್ ಬಿರುಕುಬಿಡಬಹುದು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆದರೆ ಮೈ ಸುಡುತ್ತದೆ. ರೇಡಿಯೇಟರಿನ ಮೇಲೆ ಕೂತ ಹೊಟ್ಟು, ಫ್ಯಾನ್ ಬೆಲ್ಟಿನ ಬಿಗಿ, ನೀರು ಮತ್ತು ಎಣ್ಣೆಯ ಮಟ್ಟ, ಇವುಗಳನ್ನು ನೋಡಿದ ಮೇಲೆಯೇ ಮುಂದಿನ ಕೆಲಸ.

ಕಾರಖಾನೆಗೆ ಯಾವಾಗ ಒಯ್ಯಬೇಕು?

ಇಂಜೆಕ್ಷನ್ ಪಂಪಿನ ಗಾಳಿ ತಿರುಪಿನಲ್ಲಿ ಗುಳ್ಳೆಯಿಲ್ಲದ ಶುದ್ಧ ಡೀಸೆಲ್ ಧಾರಾಳವಾಗಿ ಬರುತ್ತಿದ್ದು, ವಿದ್ಯುತ್ ಜೋಡಣೆಗಳೂ ಸರಿಯಿದ್ದು, ಆದರೂ ಎಂಜಿನ್ ನಿಲ್ಲುತ್ತಿದ್ದರೆ ಮಾತ್ರ ಪಂಪು, ಇಂಜೆಕ್ಟರುಗಳ ಮೇಲೆ ಸಂಶಯಪಡಬೇಕು. ತಣ್ಣಗಿರುವಾಗ ಸರಾಗವಾಗಿ ಚಾಲೂ ಆಗಿ, ಕಾದ ಮೇಲೆ ನಿಂತರೆ ತಣ್ಣಗಾಗುವವರೆಗೆ ಏಳದಿರುವುದು ಸವೆದ ಪಂಪಿನ ಒಂದು ಲಕ್ಷಣ. ಕಾದಾಗ ಡೀಸೆಲ್ ತೆಳುವಾಗಿ ಸವೆದ ಭಾಗಗಳ ಸಂದಿನಲ್ಲಿ ಜಾರಿಹೋಗುತ್ತದೆ. ಈ ಭಾಗಗಳ ನಡುವಿನ ಅಂತರ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಾಲು ಕಡಿಮೆ. ಆದುದರಿಂದ ಪಂಪನ್ನು ಧೂಳಿನ ಕಟ್ಟೆಯ ಮೇಲೆ ಬಿಚ್ಚದೆ, ಪರೀಕ್ಷಾ ಯಂತ್ರವಿರುವ ಕಾರಖಾನೆಗೇ ಒಯ್ಯಬೇಕು.

1 ಜನವರಿ 2023ರಿಂದ 50 ಅಶ್ವಶಕ್ತಿಗೂ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ಬಗ್ಗೆ ಬಿಗಿಯಾದ ನಿಯಮಗಳು ಜಾರಿಯಾಗಿರುವುದರಿಂದ ಅವುಗಳಲ್ಲಿ ಹಲವಕ್ಕೆ ವಿದ್ಯುನ್ಮಾನ ನಿಯಂತ್ರಣದ ಕಾಮನ್ ರೈಲ್ ಪದ್ಧತಿ ಬಂದಿದೆ. ಅದರಲ್ಲಿ ಒತ್ತಡ ಹಳೆಯ ಪಂಪುಗಳಿಗಿಂತ ಹಲವು ಪಟ್ಟು ಹೆಚ್ಚು. ಇಂತಹ ಎಂಜಿನಿನ ಉಕ್ಕಿನ ಕೊಳವೆಗಳ ನಟ್ಟನ್ನು ಸಡಿಲಿಸುವುದು ಪ್ರಾಣಕ್ಕೇ ಅಪಾಯ. ಮುಚ್ಚಳ, ಟ್ಯಾಂಕು, ನೀರು ಬಸಿಯುವುದು, ಫಿಲ್ಟರ್, ಇಷ್ಟನ್ನು ಕೈಪಿಡಿಯ ಪ್ರಕಾರ ನೋಡಿಕೊಂಡು ಉಳಿದುದನ್ನು ತರಬೇತಿ ಪಡೆದವರಿಗೆ ಬಿಡಬೇಕು.

ಮುನ್ನೆಚ್ಚರಿಕೆಯ ಕ್ರಮಗಳು

ಪ್ರತಿದಿನ: ಫಿಲ್ಟರಿನಿಂದ ನೀರು ಬಸಿಯುವುದು, ಎಣ್ಣೆ ಮತ್ತು ನೀರಿನ ಮಟ್ಟ ನೋಡುವುದು, ಸಂಜೆ ಟ್ಯಾಂಕು ತುಂಬಿಸುವುದು.

ಪ್ರತಿವಾರ: ಮುಚ್ಚಳದ ರಂಧ್ರವನ್ನು ಶುಚಿಗೊಳಿಸುವುದು, ಕೊಳವೆಯ ಜೋಡಣೆಗಳನ್ನು ಒರೆಸಿ ಪರೀಕ್ಷಿಸುವುದು, ಏರ್ ಕ್ಲೀನರನ್ನು ನೋಡುವುದು.

ಹಂಗಾಮಿಗೆ ಮೊದಲು: ಟ್ಯಾಂಕು ಮತ್ತು ಫೀಡ್ ಪಂಪಿನ ಜಾಲರಿ ತೊಳೆಯುವುದು, ಬಿರುಕುಬಿಟ್ಟ ರಬ್ಬರ್ ಕೊಳವೆ ಬದಲಾಯಿಸುವುದು, ಅವಧಿ ಮುಗಿದ ಫಿಲ್ಟರ್ ಬದಲಾಯಿಸುವುದು.

ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿ ಒಂದು ಕಾಗದದ ಫಿಲ್ಟರ್, ನಾಲ್ಕಾರು ತಾಮ್ರದ ವಾಷರು, ಅಳತೆಗೆ ಸರಿಹೊಂದುವ ಪಾನಾಗಳು, ಒಂದು ಮೊಳ ರಬ್ಬರ್ ಕೊಳವೆ ಮತ್ತು ಎಳೆ ಬಿಡದ ಶುಭ್ರವಾದ ಅರಿವೆ ಯಾವಾಗಲೂ ಇರಬೇಕು. ಎಂಜಿನ್ ನಿಂತ ದಿನ, ಎಷ್ಟು ಹೊತ್ತು ಓಡಿ ನಿಂತಿತು, ಏನು ಮಾಡಿದಾಗ ಮತ್ತೆ ಚಾಲೂ ಆಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಬಹಳ ಉಪಯುಕ್ತ. ಕೊನೆಗೆ ಕಾರಖಾನೆಗೇ ಹೋಗಬೇಕಾಗಿ ಬಂದರೂ ಈ ನಾಲ್ಕು ಸಾಲುಗಳು ಮೆಕ್ಯಾನಿಕ್ಕಿನ ಅರ್ಧ ಕೆಲಸವನ್ನು ಹಗುರಗೊಳಿಸುತ್ತವೆ, ರೈತರ ಹಣ ಮತ್ತು ಬಿತ್ತನೆಯ ಹದ ಎರಡನ್ನೂ ಉಳಿಸುತ್ತವೆ.